ಡಾಕ್ಟ್ರು ಓದಕ್ಕ ಹೋಗವ್ರ

ಹನೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಬಿ.ಪಿ. ಮಾತ್ರೆಗೆಂದು ಜಗುಲಿಯ ಮೇಲೆ ಕೂತಿದ್ದ ಅಜ್ಜಿಯನ್ನು, ಡಾಕ್ಟರು ಇದ್ದಾರಾ ಎಂದು ಕೇಳಿದೆ. 'ಡಾಕ್ಟ್ರು ಓದಕ್ಕ ಹೋಗವ್ರ ಕನಪ್ಪ, ಮೂರೊರ್ಸ ಆಯ್ತದಂತ' ಎಂದರು. ಸಿಟ್ಟಿನ ದನಿಯಲ್ಲ ಅದು. ಮಗ ತಿರುಪ್ಪೂರಿಗೆ ದುಡಿಯಲು ಹೋಗಿದ್ದಾನೆ ಎನ್ನುವಾಗ ಈ ಕಡೆಯ ತಾಯಂದಿರಿಗೆ ಬರುವ ದನಿ. ಬರಬಹುದು, ಬಾರದೆಯೂ ಇರಬಹುದು. ಒಳಗೆ ಶುಶ್ರೂಷಾಧಿಕಾರಿ ಹಳೆಯ ಚೀಟಿ ನೋಡಿ ಹಳೆಯ ಮಾತ್ರೆಯನ್ನೇ ಎಣಿಸಿ ಕೊಡುತ್ತಿದ್ದರು.

ಇದರಲ್ಲಿ ತಪ್ಪೇನಿದೆ ಎಂದು ಕೇಳುವವರೇ ಹೆಚ್ಚು. ಇಲಾಖೆಯ ಮಟ್ಟಿಗೆ ಇದು ನಿಯಮ. ವೈದ್ಯಕೀಯ ಕಾಲೇಜಿನ ಪ್ರೊಫೆಸರುಗಳ ಮಟ್ಟಿಗೆ ಗುಣಮಟ್ಟ. ಡಾಕ್ಟರ ಮನೆಯವರ ಮಟ್ಟಿಗೆ ಬಿಡುಗಡೆ. 'ಬರೀ ಎಂ.ಬಿ.ಬಿ.ಎಸ್. ಇಟ್ಕೊಂಡು ಎಷ್ಟು ದಿನ ಅಂತ ಆ ಕಾಡಲ್ಲಿರ್ತೀರಿ ಅಳಿಯಂದ್ರೇ?' ಎಂದು ಮಾವ ಕೇಳದ ಮನೆ ಇರಲಾರದು. ಎಲ್ಲರ ಮಾತಿನ ತಳದಲ್ಲೂ ಒಂದೇ ನಂಬಿಕೆ. ಮೇಲಿನ ಓದು ಬೇಕೆಂದರೆ ಇರುವ ಕೆಲಸ ಬಿಡಬೇಕು, ಇರುವ ಊರು ಬಿಡಬೇಕು, ದೊಡ್ಡ ಊರಿನ ದೊಡ್ಡ ಕಾಲೇಜಿನಲ್ಲಿ ಮೂರು ವರ್ಷ ಇರಬೇಕು. ಕೆಲಸ ಮಾಡಿಕೊಂಡು ಓದಿದ್ದು ಓದೇ ಅಲ್ಲ, ಅದು ಅಂಚೆಯಲ್ಲಿ ಬಂದ ಕಾಗದ. ಈ ನಂಬಿಕೆ ಸುಳ್ಳು. ಸುಳ್ಳೆಂದು ತಿಳಿಯಲು ರಾತ್ರಿ ಎರಡು ಗಂಟೆಗೆ ಯಾವುದಾದರೂ ವೈದ್ಯಕೀಯ ಕಾಲೇಜಿನ ಕ್ಯಾಷುವಾಲಿಟಿಗೆ ಹೋಗಿ ನಿಂತರೆ ಸಾಕು.

ಅಲ್ಲಿ ಆ ಹೊತ್ತಿನಲ್ಲಿ ಯಾರಿರುತ್ತಾರೆ? ಪಿ.ಜಿ.ಗಳು. ಡ್ರಿಪ್ ಹಾಕುವವರು, ರಕ್ತ ತೆಗೆದು ಲ್ಯಾಬಿಗೆ ಕಳಿಸುವವರು, ಕೇಸ್‌ಶೀಟ್ ಬರೆಯುವವರು, ಹೆರಿಗೆ ಮಾಡಿಸುವವರು, ಕೈ ಎತ್ತಿಕೊಂಡು ಬಂದ ನಂಟರಿಗೆ ಸಮಾಧಾನ ಹೇಳುವವರು ಎಲ್ಲ ಅವರೇ. ಪ್ರೊಫೆಸರು ಮನೆಯಲ್ಲಿರುತ್ತಾರೆ, ಫೋನ್ ಮಾಡಿದರೆ ಎತ್ತಿಕೊಳ್ಳುತ್ತಾರೆ. ಪಿ.ಜಿ.ಗಳಿಗೆ ಸ್ಟೈಪೆಂಡ್ ಇದೆ, ಡ್ಯೂಟಿ ಪಟ್ಟಿ ಇದೆ, ಡ್ಯೂಟಿ ಹೊರೆಯಾಯಿತೆಂದು ಮುಷ್ಕರವೂ ಇದೆ. ಅವರನ್ನು ಕರೆಯುವುದೇ ರೆಸಿಡೆಂಟ್ ಎಂದು, ಆಸ್ಪತ್ರೆಯಲ್ಲೇ ವಾಸ ಮಾಡುವವರೆಂದು. ಕುರ್ಚಿಯಲ್ಲಿ ಕೂತು ಪಾಠ ಕೇಳುವ ಹೊತ್ತು ವಾರದಲ್ಲಿ ಎಷ್ಟು ಸಿಗುತ್ತದೆಂದು ಅವರನ್ನೇ ಕೇಳಿ, ನಗುತ್ತಾರೆ. ಎಂ.ಡಿ., ಎಂ.ಎಸ್. ಎಂಬ ಓದು ಹುಟ್ಟಿದಾಗಿನಿಂದಲೂ ದುಡಿಯುತ್ತ ಕಲಿಯುವ ಓದು. ಅದನ್ನು ಓದಿಯೇ ಮೇಲೆ ಬಂದವರು 'ದುಡಿಯುತ್ತ ಓದಲಾಗದು' ಎನ್ನುವಾಗ ಅವರ ಮಾತಿಗೆ ಉಳಿಯುವ ಅರ್ಥ ಒಂದೇ. ನಮ್ಮ ವಾರ್ಡಿನಲ್ಲಿ ದುಡಿದರೆ ಓದು, ನಿಮ್ಮ ವಾರ್ಡಿನಲ್ಲಿ ದುಡಿದರೆ ಬರಿಯ ದುಡಿತ. ಮೈಸೂರಿನಲ್ಲಿ ಹೊಲಿದ ಗಾಯ ಲಾಗ್‌ಬುಕ್ಕಿಗೆ ಏರುತ್ತದೆ, ಕೊಳ್ಳೇಗಾಲದಲ್ಲಿ ಹೊಲಿದ ಗಾಯ ರಿಜಿಸ್ಟರಿನಲ್ಲೇ ಸಾಯುತ್ತದೆ.

ಗುಣಮಟ್ಟದ ಮಾತಿಗೆ ಬರೋಣ. 2023ರ ಸೆಪ್ಟೆಂಬರಿನಲ್ಲಿ, ಸೀಟು ಖಾಲಿ ಉಳಿಯುತ್ತಿವೆ ಎಂದು, ನೀಟ್ ಪಿ.ಜಿ. ಪರೀಕ್ಷೆಯ ಅರ್ಹತಾ ಮಿತಿಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಪರೀಕ್ಷೆಗೆ ಹಾಜರಾದವರೆಲ್ಲ ಅರ್ಹರು. ಕಾಲೇಜಿನ ಸೀಟು ತುಂಬಿಸಬೇಕಾದಾಗ ಕಟ್ಟೆಯನ್ನು ನೆಲಸಮ ಮಾಡಬಹುದು. ಹತ್ತು ವರ್ಷ ಒಂದೇ ಕೇಂದ್ರದಲ್ಲಿ ಹೆರಿಗೆ, ಹಾವಿನ ಕಡಿತ, ಕ್ಷಯ, ಕೀಟನಾಶಕ ಕುಡಿದ ಹುಡುಗರು ಎಲ್ಲವನ್ನೂ ನೋಡಿದ ವೈದ್ಯರು ಇದ್ದಲ್ಲೇ ಓದುತ್ತೇನೆಂದಾಗ ಮಾತ್ರ ಗುಣಮಟ್ಟ ನೆನಪಾಗುತ್ತದೆ. ಇದಕ್ಕೆ ಕಾವಲು ಎನ್ನುವುದಕ್ಕಿಂತ ಸುಂಕದ ಕಟ್ಟೆ ಎನ್ನುವುದು ಸರಿ.

ಎದುರಾಳಿಗಳ ಅನುಮಾನಕ್ಕೆ ಕಾರಣವಿಲ್ಲವೆಂದು ನಾನು ಹೇಳುತ್ತಿಲ್ಲ. ಆ ಕಾರಣ ನಮ್ಮ ಮಗ್ಗುಲಲ್ಲೇ ಇದೆ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ರಾಜ್ಯದ ಗಡಿ ದಾಟಿ, ಖಾಸಗಿಯವರ ಕೈಗೆ ಕೋರ್ಸುಗಳನ್ನು ಕೊಟ್ಟು, ಕೊನೆಗೆ 2013-14ರ ಸಾಲಿನಿಂದ ಮಾನ್ಯತೆ ಕಳೆದುಕೊಂಡಿತು. ಮತ್ತೆ ಮಾನ್ಯತೆ ದಕ್ಕುವ ಹೊತ್ತಿಗೆ 2018 ಬಂದಿತ್ತು. ನಡುವೆ ಸರ್ಟಿಫಿಕೇಟು ಹಿಡಿದು ಅಲೆದವರು ನಮ್ಮ ಊರುಗಳಲ್ಲೂ ಇದ್ದಾರೆ. ಹಾಗಾಗಿ 'ದೂರಶಿಕ್ಷಣ' ಎಂದೊಡನೆ ಜನ ಹುಬ್ಬು ಏರಿಸಿದರೆ ಅವರನ್ನು ಬೈಯಲಾರೆ. ಹೊಟ್ಟೆ ಕೊಯ್ಯುವುದನ್ನು ಯಾರೂ ಮೊಬೈಲ್ ನೋಡಿ ಕಲಿಯಬಾರದು ಎನ್ನುವುದೂ ಸರಿ. ಆದರೆ ಕಳ್ಳ ಅಂಗಡಿಯೊಂದು ಸಿಕ್ಕಿತೆಂದು ಸಂತೆಯನ್ನೇ ಮುಚ್ಚುವ ಬುದ್ಧಿ ನಮ್ಮದು. 2025ರ ಜುಲೈನಲ್ಲಿ ಯುಜಿಸಿ ಮಾಡಿದ್ದು ಅದನ್ನೇ. ಆರೋಗ್ಯಕ್ಕೆ ಸಂಬಂಧಪಟ್ಟ ಕೋರ್ಸುಗಳು ದೂರಶಿಕ್ಷಣದಲ್ಲೂ ಆನ್‌ಲೈನಿನಲ್ಲೂ ಬೇಡವೆಂದು ತೀರ್ಮಾನಿಸಿ, ಮನಶ್ಶಾಸ್ತ್ರ, ಪೋಷಣಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಎಲ್ಲಕ್ಕೂ ಒಂದೇ ಬೀಗ ಜಡಿಯಿತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಏಡ್ಸ್ ಆಪ್ತಸಮಾಲೋಚಕಿಯಾಗಿ ದಿನವಿಡೀ ಕಣ್ಣೀರು ಕೇಳುವ ಹೆಣ್ಣುಮಗಳು ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬೇಕೆಂದರೆ ಕೆಲಸ ಬಿಡಬೇಕು. ಕೆಲಸ ಬಿಟ್ಟ ಮೇಲೆ ಫೀಸು ಯಾರು ಕಟ್ಟುತ್ತಾರೆ ಎಂಬುದು ಯುಜಿಸಿಯ ವ್ಯಾಪ್ತಿಗೆ ಬರುವುದಿಲ್ಲ.

'ದೂರಶಿಕ್ಷಣ' ಎಂಬ ಹೆಸರೇ ಓದನ್ನು ಹೇಗೆ ಕೊಲ್ಲುತ್ತದೆ ಎಂಬುದಕ್ಕೆ ಇನ್ನೊಂದು ಕತೆಯಿದೆ. 2006ರಲ್ಲಿ ಇಗ್ನೋ ಮುಕ್ತ ವಿಶ್ವವಿದ್ಯಾನಿಲಯ ಹೃದಯ ಚಿಕಿತ್ಸೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಆರಂಭಿಸಿತು. ಅದರ ಹಿಂದೆ ನಾರಾಯಣ ಹೃದಯಾಲಯದ ಡಾ. ದೇವಿ ಶೆಟ್ಟಿಯವರ ಮುತುವರ್ಜಿಯಿತ್ತು. ಎಂ.ಬಿ.ಬಿ.ಎಸ್. ಆದವರು ದೊಡ್ಡ ಹೃದ್ರೋಗ ಆಸ್ಪತ್ರೆಗಳಲ್ಲೇ ಇದ್ದು, ಎಕೋಕಾರ್ಡಿಯೋಗ್ರಾಂ ಮಾಡುವುದು, ಹೃದಯಾಘಾತವನ್ನು ಮೊದಲ ಗಂಟೆಯಲ್ಲಿ ನಿಭಾಯಿಸುವುದು ಇಂಥವನ್ನು ಕಲಿತರು. ಭಾರತೀಯ ವೈದ್ಯಕೀಯ ಮಂಡಳಿ ಇದನ್ನು ಒಪ್ಪಲಿಲ್ಲ. ಕಲಿತವರ ಕೈಯಲ್ಲಿ ವಿದ್ಯೆ ಉಳಿಯಿತು, ಬೋರ್ಡಿನ ಮೇಲೆ ಬರೆಸಲು ಪದವಿ ಉಳಿಯಲಿಲ್ಲ; ಕೋರ್ಸ್ ನಿಂತಿತು. ತಾಯಿ-ಮಗುವಿನ ಆರೋಗ್ಯದ ಬಗ್ಗೆ ಇದೇ ಇಗ್ನೋ ನಡೆಸಿದ ಡಿಪ್ಲೊಮಾಕ್ಕೂ ಮಂಡಳಿಯ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ವೆಲ್ಲೂರಿನ ಸಿ.ಎಂ.ಸಿ. 2006ರಿಂದ ಕೆಲಸದಲ್ಲಿರುವ ಡಾಕ್ಟರುಗಳಿಗೆಂದೇ ಕುಟುಂಬ ವೈದ್ಯಶಾಸ್ತ್ರದ ಎರಡು ವರ್ಷದ ದೂರಶಿಕ್ಷಣ ನಡೆಸುತ್ತಿದೆ. ಆ ಯೋಜನೆಯ ಹೆಸರನ್ನು ಕನ್ನಡಕ್ಕೆ ತಂದರೆ, ಕಳಿಸುವುದು ಕಡಿಮೆ ಮಾಡಿ, ವಾಸಿ ಮಾಡುವುದು ಜಾಸ್ತಿ ಮಾಡಿ. ಮೈಸೂರಿಗೆ ಬರೆದುಕೊಡುವುದೇ ಚಿಕಿತ್ಸೆಯಾಗಿರುವ ಊರಿನವನಾಗಿ, ಇದಕ್ಕಿಂತ ಒಳ್ಳೆಯ ಹೆಸರನ್ನು ನಾನು ಯಾವ ಕೋರ್ಸಿಗೂ ಇಡಲಾರೆ. ಅದಕ್ಕೂ ಮಂಡಳಿಯ ಮುದ್ರೆ ಬೀಳಲಿಲ್ಲ.

ಕೆಲಸದ ಜಾಗದಲ್ಲೇ ಕಲಿತವರು ರೋಗಿಯನ್ನು ಕೆಡಿಸುತ್ತಾರೆಯೇ? ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ 'ಎಕೋ' ಎಂಬ ಪದ್ಧತಿ ಶುರುಮಾಡಿದರು. ಹೆಪಟೈಟಿಸ್ ಸಿ ರೋಗಿಗಳು ವಿಶ್ವವಿದ್ಯಾನಿಲಯದ ಆಸ್ಪತ್ರೆಗೆ ನೂರಾರು ಮೈಲಿ ಬರುವ ಬದಲು, ಅವರ ಊರಿನ ಡಾಕ್ಟರು ವಾರಕ್ಕೊಮ್ಮೆ ವಿಡಿಯೊದಲ್ಲಿ ತಜ್ಞರ ಮುಂದೆ ತಮ್ಮ ರೋಗಿಗಳ ಕೇಸ್ ಇಡುತ್ತ ಕಲಿಯುವುದು. 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಫಲಿತಾಂಶ ಪ್ರಕಟಿಸಿತು: ವಿಶ್ವವಿದ್ಯಾನಿಲಯದಲ್ಲಿ ವೈರಸ್ ತೊಲಗಿದ್ದು 57.5%, ಹಳ್ಳಿ ಮತ್ತು ಜೈಲಿನ ಕ್ಲಿನಿಕ್ಕುಗಳಲ್ಲಿ 58.2%. ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾನಿಲಯ 1997ರಿಂದ ಕೆಲವು ವೈದ್ಯ ವಿದ್ಯಾರ್ಥಿಗಳನ್ನು ಇಡೀ ವರ್ಷ ಮರ್ರೆ ನದಿಯ ದಂಡೆಯ ಸಣ್ಣ ಊರುಗಳಲ್ಲಿ ಬಿಟ್ಟಿತು. ಪರೀಕ್ಷೆಯಲ್ಲಿ ಅವರು ನಗರದ ಆಸ್ಪತ್ರೆಯಲ್ಲಿ ಉಳಿದವರಿಗಿಂತ ಚೆನ್ನಾಗಿ ಮಾಡಿದರು. ಹೊರಗಿನದು ಬೇಡವೆಂದರೆ ನಮ್ಮ ನಿಮ್ಹಾನ್ಸ್ ಇದೆ. ಅಲ್ಲಿನ ಮನೋವೈದ್ಯರು ಪ್ರಾಥಮಿಕ ಕೇಂದ್ರದ ಡಾಕ್ಟರು ಹೊರರೋಗಿಗಳನ್ನು ನೋಡುವಾಗ ವಿಡಿಯೊದಲ್ಲಿ ಪಕ್ಕದಲ್ಲೇ ಕೂತಂತೆ ಕೂತು, ಮೈ ಕೈ ನೋವೆಂದು ಬಂದವರಲ್ಲಿ ಖಿನ್ನತೆ ಯಾರಿಗಿದೆ ಎಂದು ಗುರುತಿಸುವುದನ್ನು ಕಲಿಸುತ್ತಾರೆ. ಕೇಂದ್ರಕ್ಕೆ ಬೀಗ ಬೀಳುವುದಿಲ್ಲ. ರೋಗಿಯೇ ಪಾಠ, ಪಾಠವೇ ಚಿಕಿತ್ಸೆ.

ಸರ್ಕಾರಕ್ಕೂ ಇದು ಗೊತ್ತು, ಒಪ್ಪಿಕೊಳ್ಳಲು ನಾಚಿಕೆ ಅಷ್ಟೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞರಿಲ್ಲದೆ ಸಿಸೇರಿಯನ್ ನಿಂತಾಗ, ಎಂ.ಬಿ.ಬಿ.ಎಸ್. ಡಾಕ್ಟರಿಗೇ 18 ವಾರ ಅರಿವಳಿಕೆ ಕಲಿಸಿ, 16 ವಾರ ತುರ್ತು ಹೆರಿಗೆ ಚಿಕಿತ್ಸೆ ಕಲಿಸಿ ಕಳಿಸುವ ಯೋಜನೆಯನ್ನು ಅದೇ ಮಾಡಿತು. ಗರ್ಭಿಣಿಯ ಪ್ರಾಣದ ಮಟ್ಟಿಗೆ ನಂಬಿಕೆಗೆ ಅರ್ಹವಾದ ಆ ಕಲಿಕೆ, ಎಂ.ಡಿ.ಯ ಲೆಕ್ಕಕ್ಕೆ ಒಂದು ದಿನದ ರಿಯಾಯಿತಿಯನ್ನೂ ತರುವುದಿಲ್ಲ.

ಈಗ ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳನ್ನು ತರಗತಿ ಎಂದುಕೊಂಡು ನೋಡಿ. 2018ರ ಡಿಸೆಂಬರ್ 14, ಸುಳ್ವಾಡಿ. ಕಿಚ್‌ಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ ದಿನ. ನೂರಕ್ಕೂ ಹೆಚ್ಚು ಜನ ಬಿದ್ದರು, 17 ಜನ ತೀರಿಕೊಂಡರು. ಮೈಸೂರಿನ ವೆಂಟಿಲೇಟರುಗಳು ಟಿ.ವಿ.ಯಲ್ಲಿ ಬಂದವು. ಆದರೆ ಮೊದಲ ಗಂಟೆಗಳಲ್ಲಿ ಬಾಯಲ್ಲಿ ನೊರೆ ಸುರಿಯುತ್ತಿದ್ದವರನ್ನು ಎದುರುಗೊಂಡದ್ದು ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆ. ಅಟ್ರೊಪಿನ್ ಎಷ್ಟು, ಎಷ್ಟು ಹೊತ್ತಿಗೊಮ್ಮೆ, ಉಸಿರು ಸೋಲುವ ಮೊದಲು ಗಂಟಲಿಗೆ ನಳಿಕೆ ಹಾಕುವುದು ಯಾವಾಗ: ಇದು ಹೊಲಕ್ಕೆ ಔಷಧಿ ಹೊಡೆಯುವ ಊರುಗಳಲ್ಲಿ ವರ್ಷವಿಡೀ ಬೇಕಾಗುವ ವಿದ್ಯೆ. ಇದನ್ನು ಕಲಿಯಲು ರೋಗಿ ಬರುವ ಜಾಗದಿಂದ ದೂರ ಹೋಗಬೇಕೆನ್ನುವುದು, ಈಜು ಕಲಿಯಲು ಕಾವೇರಿ ಬಿಟ್ಟು ಬೆಂಗಳೂರಿಗೆ ಹೋದಂತೆ.

ಹಾವಿನ ಕಡಿತವನ್ನು ಕರ್ನಾಟಕ 2024ರ ಫೆಬ್ರುವರಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಸಾಲಿಗೆ ಸೇರಿಸಿತು. ಕಬ್ಬಿನ ಗದ್ದೆ, ಜೋಳದ ಹೊಲ, ಕಾಡಂಚಿನ ಸೋಲಿಗ ಆದಿವಾಸಿಗಳ ಪೋಡುಗಳಿಂದ ಕಡಿಸಿಕೊಂಡು ಬರುವವರನ್ನು ಮೊದಲು ನೋಡುವವರು ಯಾರು? ಸೋಲಿಗರಲ್ಲಿ ಕಾಣುವ ಕುಡಗೋಲು ಕಣದ ರಕ್ತಹೀನತೆಯನ್ನು 2047ರೊಳಗೆ ತೊಲಗಿಸುತ್ತೇವೆಂದು ಕೇಂದ್ರ ಸರ್ಕಾರ 2023ರಲ್ಲಿ ಅಭಿಯಾನ ಹೂಡಿತು. ಬಿಳಿಗಿರಿರಂಗನ ಬೆಟ್ಟದಲ್ಲೋ ಮಲೆ ಮಹದೇಶ್ವರ ಬೆಟ್ಟದಲ್ಲೋ ಇರುವ ಡಾಕ್ಟರು ಅದರ ಮೇಲೆ ಪ್ರಬಂಧ ಬರೆಯಬೇಕೆಂದರೆ, ಮೊದಲು ಬೆಟ್ಟ ಇಳಿದು ಸೋಲಿಗರಿಲ್ಲದ ಊರಿಗೆ ಹೋಗಿ ಸೀಟು ಹಿಡಿಯಬೇಕು.

ಕಾಡಂಚಿನ ಕೆಲಸದಿಂದ ವಿದ್ಯೆ ಹುಟ್ಟುವುದಿಲ್ಲ ಎನ್ನುವವರಿಗೆ ಯಳಂದೂರು ತಾಲ್ಲೂಕಿನ ಹೆಸರು ಹೇಳಿದರೆ ಸಾಕು. ಡಾ. ಎಚ್. ಸುದರ್ಶನ್ ಎಂ.ಬಿ.ಬಿ.ಎಸ್. ಮುಗಿಸಿ ಬೆಟ್ಟಕ್ಕೆ ಬಂದು, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1986ರಲ್ಲಿ ಹುಟ್ಟಿದ ಕರುಣಾ ಟ್ರಸ್ಟ್ ಯಳಂದೂರಿನಲ್ಲಿ ಕುಷ್ಠರೋಗದ ಕೆಲಸ ಮಾಡಿ, 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರವನ್ನು ನಡೆಸಲು ತೆಗೆದುಕೊಂಡಿತು. ಮೂರ್ಛೆರೋಗ, ಮಾನಸಿಕ ಆರೋಗ್ಯ ಇವನ್ನು ಸಣ್ಣ ಕೇಂದ್ರದಲ್ಲೇ ನಿಭಾಯಿಸುವುದು ಹೇಗೆಂದು ನೋಡಲು ದೂರದ ರಾಜ್ಯಗಳಿಂದ ಜನ ಗುಂಬಳ್ಳಿಗೆ ಬಂದರು. ಬಂದವರು ಕಲಿತು ಹೋದರು. ಅಲ್ಲೇ ಇದ್ದವರಿಗೆ ಅದು ಓದು ಎಂದು ಯಾವ ವಿಶ್ವವಿದ್ಯಾನಿಲಯವೂ ಬರೆದುಕೊಡಲಿಲ್ಲ.

'ಸೇವಾನಿರತರಿಗೆ ಕೋಟಾ ಇದೆಯಲ್ಲ' ಎಂಬ ಮಾತು ಈ ಹಂತದಲ್ಲಿ ಬರುತ್ತದೆ. ಇದೆ. ಸೇವಾನಿರತ ವೈದ್ಯರಿಗೆ ಸ್ನಾತಕೋತ್ತರ ಸೀಟಿನಲ್ಲಿ ಪಾಲು ಕೊಡುವ ಅಧಿಕಾರ ರಾಜ್ಯಗಳಿಗಿದೆಯೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 31ರಂದು ತೀರ್ಪನ್ನೂ ಕೊಟ್ಟಿತು. ಅದು ವೈದ್ಯರಿಗೆ ನ್ಯಾಯ, ನಾನು ಸ್ವಾಗತಿಸುತ್ತೇನೆ. ಜಗುಲಿಯ ಮೇಲಿನ ಅಜ್ಜಿಗೆ ಅದರಿಂದ ಬಂದದ್ದು ಮೂರು ವರ್ಷದ ಖಾಲಿ ಕುರ್ಚಿ. ಹೋದವರು ರೇಡಿಯಾಲಜಿ ಮುಗಿಸಿ ಬಂದರೆ ಅವರ ಜಾಗ ಜಿಲ್ಲಾ ಆಸ್ಪತ್ರೆ. ಪ್ರಾಥಮಿಕ ಕೇಂದ್ರದಲ್ಲಿ ರೇಡಿಯಾಲಜಿಸ್ಟರಿಗೆ ಏನು ಕೆಲಸ? ಹಾಗೆ ಕೋಟಾ ಎಂಬುದು ಹಳ್ಳಿಯಿಂದ ಹೊರಗೆ ಮಾತ್ರ ತೆರೆಯುವ ಬಾಗಿಲು.

ಇನ್ನೊಂದು ಕಡೆಯಿಂದ ನೋಡಿ, ನಗು ಬರುತ್ತದೆ. 2020ರಲ್ಲಿ ಬಂದ ನಿಯಮದ ಪ್ರಕಾರ ಎಂ.ಡಿ., ಎಂ.ಎಸ್. ಓದುವವರೆಲ್ಲ ಮೂರು ತಿಂಗಳು ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕು. ಯಾಕೆಂದರೆ, ನಿಜವಾದ ಭಾರತದ ರೋಗಗಳನ್ನು ಅಲ್ಲೇ ಕಲಿಯಬೇಕಂತೆ. ಒಪ್ಪಿದೆ. ನಗರದ ಹುಡುಗನಿಗೆ ಮೂರು ತಿಂಗಳ ಮಟ್ಟಿಗೆ ಅಷ್ಟು ಒಳ್ಳೆಯ ಪಾಠಶಾಲೆಯಾದ ಜಿಲ್ಲೆ, ಅದೇ ಜಿಲ್ಲೆಯ ಡಾಕ್ಟರಿಗೆ ಮೂರು ವರ್ಷದ ಮಟ್ಟಿಗೆ ಯಾಕೆ ಆಗಬಾರದು? 2025ರ ಹೊಸ ನಿಯಮದಲ್ಲಿ 220 ಹಾಸಿಗೆ ದಾಟಿದ ಸರ್ಕಾರಿ ಆಸ್ಪತ್ರೆಗಳೂ ಕಲಿಸುವ ಆಸ್ಪತ್ರೆಗಳಾಗಬಹುದು ಎಂದರು. ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆ ಎಂದರೆ ಸಾಮಾನ್ಯವಾಗಿ 100 ಹಾಸಿಗೆ. ಹಾಸಿಗೆ ಎಣಿಸುವ ಬದಲು ಹಾಸಿಗೆಯಲ್ಲಿ ಮಲಗಿದವರನ್ನು ಎಣಿಸಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಕೊಳ್ಳೇಗಾಲ, ಹನೂರು, ಯಳಂದೂರು, ಕಾಮಗೆರೆ ಇವನ್ನೆಲ್ಲ ಕೂಡಿಸಿ ಒಂದೇ ಬೋಧನಾ ಘಟಕವೆಂದು ಎಣಿಸಲು ಯಾವ ದೇವರ ಅಡ್ಡಿ? ಕಲಿಸುವವರು 2016ರಲ್ಲಿ ಶುರುವಾದ ಚಾಮರಾಜನಗರದ ವೈದ್ಯಕೀಯ ಕಾಲೇಜಿನಲ್ಲಿದ್ದಾರೆ. 1924ರಿಂದ ಪಾಠ ಹೇಳುತ್ತಿರುವ ಮೈಸೂರಿನ ಕಾಲೇಜು ಕೊಳ್ಳೇಗಾಲದಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. (1956ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಗ ಕಡತಗಳು ಅತ್ತ ಹೋಗುತ್ತಿದ್ದವು, ಈಗ ರೋಗಿಗಳು ಇತ್ತ ಹೋಗುತ್ತಾರೆ. ಈ ಊರಿನ ಪಾಲಿಗೆ ಹೋಗುವುದು ಮಾತ್ರ ತಪ್ಪಿಲ್ಲ.)

ಇದುವರೆಗೆ ಡಾಕ್ಟರುಗಳದ್ದೇ ಆಯಿತು. ಡಾಕ್ಟರು ಓದಲು ಹೋದಾಗ ಕೇಂದ್ರ ನಡೆಸುವವರು ನರ್ಸುಗಳು, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳು. ಇವರಲ್ಲಿ ಹೆಚ್ಚಿನವರು ಹೆಂಗಸರು, ಮನೆಯಲ್ಲಿ ಸಣ್ಣ ಮಕ್ಕಳಿರುವವರು, ಎಷ್ಟೋ ಜನ ಗುತ್ತಿಗೆಯವರು. ಎರಡು ವರ್ಷ ಬೆಂಗಳೂರಿನ ಹಾಸ್ಟೆಲಿನಲ್ಲಿರಿ, ಆಗ ಎಂ.ಎಸ್ಸಿ. ನರ್ಸಿಂಗ್ ಕೊಡುತ್ತೇವೆ ಎಂದು ಇವರಿಗೆ ಹೇಳುವುದು, ಕೊಡುವುದಿಲ್ಲ ಎಂದು ಹೇಳುವ ಮರ್ಯಾದಸ್ಥ ರೀತಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ಲೇ ತೀವ್ರ ನಿಗಾ ಘಟಕದ ನರ್ಸ್ ಪ್ರಾಕ್ಟೀಷನರ್ ಎಂಬ ಸ್ನಾತಕೋತ್ತರ ಕೋರ್ಸನ್ನು ರೆಸಿಡೆನ್ಸಿ ಮಾದರಿಯಲ್ಲಿ ರೂಪಿಸಿದೆ. ಅದರ ಬಹುಪಾಲು ಕಲಿಕೆ ರೋಗಿಯ ಮಂಚದ ಬಳಿ. ಅಂದರೆ ತತ್ವಕ್ಕೆ ಒಪ್ಪಿಗೆ ಇದೆ, ಯಳಂದೂರಿಗೆ ಮಾತ್ರ ಇಲ್ಲ.

ಯಳಂದೂರಿಗೆ ಈ ವಿಷಯದಲ್ಲಿ ಪಾಠ ಹೇಳುವ ಧೈರ್ಯ ಯಾರಿಗೂ ಇರಬಾರದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ಊರಿನ ಹೆಣ್ಣೊಬ್ಬಳು ಮೈಸೂರು ಅರಮನೆಗೆ ಕೆಲಸಕ್ಕೆ ಹೋದಳು. ರಾಣಿ ದೇವಾಜಮ್ಮಣ್ಣಿಯ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗ. ಆ ಊಳಿಗದಲ್ಲೇ ಇದ್ದುಕೊಂಡು ಅಳಸಿಂಗರಾರ್ಯರ ಬಳಿ ಕಲಿತಳು, 'ಹದಿಬದೆಯ ಧರ್ಮ' ಬರೆದಳು. ಮೊದಲು ಸಂಚಿ ಕೆಳಗಿಟ್ಟು ಬಾ ಎಂದು ಗುರು ಹೇಳಲಿಲ್ಲ. ಲೋಕವೂ ಅವಳನ್ನು ಇವತ್ತಿಗೂ ಸಂಚಿಯ ಹೊನ್ನಮ್ಮ ಎಂದೇ ಕರೆಯುತ್ತದೆ. ಮಾಡಿದ ಕೆಲಸವೇ ಹೆಸರಿಗೆ ಬಿರುದಾಯಿತು.

ನನ್ನ ಕಡೆಯವರ ಬಗ್ಗೆಯೂ ಒಂದು ಎಚ್ಚರಿಕೆ ಹೇಳದಿದ್ದರೆ ವಾದ ಅರ್ಧವಾಗುತ್ತದೆ. 'ಅನುಕೂಲಕ್ಕೆ ತಕ್ಕಂತೆ ಓದಿ' ಎಂಬ ಜಾಹೀರಾತು ಈಗ ಎಲ್ಲೆಲ್ಲೂ ಇದೆ. ಯಾರ ಅನುಕೂಲ? ದಿನವಿಡೀ ಇಂಜೆಕ್ಷನ್ ಕೊಟ್ಟು, ಆ್ಯಪಿಗೆ ಅಂಕಿ ತುಂಬಿ, ಮನೆಗೆ ಹೋಗಿ ಮುದ್ದೆ ಕಟ್ಟಿ, ಮಕ್ಕಳು ಮಲಗಿದ ಮೇಲೆ ಹತ್ತೂವರೆಗೆ ಮೊಬೈಲ್ ತೆರೆದು ತೂಕಡಿಸುತ್ತ ಪಾಠ ಕೇಳುವುದು ಅನುಕೂಲವಲ್ಲ, ಮೂರನೆಯ ಪಾಳಿ. ಕೆಲಸದ ಜೊತೆ ಓದು ಎಂದರೆ ಓದೂ ಕೆಲಸದ ಹೊತ್ತಿನೊಳಗೇ ಇರಬೇಕು: ವಾರದಲ್ಲಿ ಒಂದು ದಿನ ಸಂಬಳ ಸಮೇತ, ಆ ದಿನಕ್ಕೆ ಬದಲಿ ವೈದ್ಯರು, ಬದಲಿ ನರ್ಸು. ತುಮಕೂರು ಜಿಲ್ಲೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತು ಜೊತೆಗಾರರು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ತರಗತಿಯ ಜೊತೆ ಕೆಲಸದ ಜಾಗದಲ್ಲೇ ಮಾರ್ಗದರ್ಶನ ಕೊಟ್ಟು ನೋಡಿದಾಗ, ಎಲ್ಲ ತಾಲ್ಲೂಕಿನಲ್ಲೂ ಒಂದೇ ಫಲ ಸಿಗಲಿಲ್ಲ. ಕಲಿತದ್ದನ್ನು ಮಾಡಲು ಮೇಲಿನವರು ಬಿಟ್ಟ ಕಡೆ ಬದಲಾವಣೆ ಕಂಡಿತು, ಬಿಡದ ಕಡೆ ಇಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಹಂಚಿ ಫೋಟೊ ತೆಗೆಸಿಕೊಂಡು ಕೈ ತೊಳೆದುಕೊಳ್ಳುವ ಯೋಜನೆ ಬಂದರೆ ಅದನ್ನೂ ಹೀಗೇ ಖಂಡಿಸುತ್ತೇನೆ.

ಪರೀಕ್ಷೆಯನ್ನು ಸಡಿಲ ಮಾಡಿ ಎಂದು ನಾನು ಕೇಳಿಲ್ಲ. ಪ್ರಶ್ನೆಪತ್ರಿಕೆ ಅದೇ ಇರಲಿ, ಲಾಗ್‌ಬುಕ್ ಅಷ್ಟೇ ದಪ್ಪ ಇರಲಿ, ಫೇಲು ಮಾಡಬೇಕಾದವರನ್ನು ಫೇಲು ಮಾಡಲಿ. ಮೂರು ವರ್ಷದ್ದು ಐದು ವರ್ಷ ಹಿಡಿದರೂ ಹಿಡಿಯಲಿ. ಪ್ರಾಕ್ಟಿಕಲ್ ಮಾತ್ರ ಕೊಳ್ಳೇಗಾಲದ ವಾರ್ಡಿನಲ್ಲಿ ನಡೆಯಲಿ, ಅಲ್ಲಿನ ರೋಗಿಗಳ ಮುಂದೆ. ಅತ್ಯಂತ ಕಟುವಾದ ಪರೀಕ್ಷಕರನ್ನೇ ಮೈಸೂರಿನಿಂದ ಕಳಿಸಿ. ಬೆಳಿಗ್ಗೆ ಬೇಗ ಹೊರಟರೆ ತಿ. ನರಸೀಪುರದಲ್ಲಿ ತಿಂಡಿ ಮುಗಿಸಿ ಒಂಬತ್ತಕ್ಕೆ ವಾರ್ಡು ಮುಟ್ಟಬಹುದು. ದಾರಿಯಲ್ಲಿ ಎದುರಿನಿಂದ 108 ಬಂದರೆ ಕಾರನ್ನು ಸ್ವಲ್ಪ ಪಕ್ಕಕ್ಕೆ ಹಾಕಲು ಡ್ರೈವರಿಗೆ ಹೇಳಿ. ಒಂದೆರಡಾದರೂ ಬಂದೇ ಬರುತ್ತವೆ.